ನಿಂತ ಆಂಬುಲೆನ್ಸಿಗೂ ದಾರಿ ಬಿಡಿ

ಸೈರನ್ ಹಾಕ್ಕೊಂಡು ಹಿಂದಿನಿಂದ ಆಂಬುಲೆನ್ಸ್ ಬಂದ್ರೆ ಪಕ್ಕಕ್ಕೆ ಸರೀಬೇಕು ಅಂತ ಎಲ್ರಿಗೂ ಗೊತ್ತು. ಸರಿಯದೇ ಇರೋರೂ ಇದ್ದಾರೆ, ಅದರ ಬೆನ್ನಿಗೇ ಅಂಟಿಕೊಂಡು ಟ್ರಾಫಿಕ್ ದಾಟೋ ಜಾಣರೂ ಇದ್ದಾರೆ, ಆ ಮಾತು ಬೇರೆ. ಕಾನೂನಂತೂ ಸ್ಪಷ್ಟವಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 194ಇ ಕಲಂ ಇದಕ್ಕೆ ಹೇಳಿರೋ ಶಿಕ್ಷೆ 10,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

ಆದ್ರೆ ಆ ಕಲಂ ಹೇಳೋದು ಹತ್ತಿರ ಬರ್ತಾ ಇರೋ ವಾಹನದ ಬಗ್ಗೆ. ಅದೇ ಆಂಬುಲೆನ್ಸ್ ಹೆದ್ದಾರಿ ಪಕ್ಕ ನಿಂತು, ಸಿಬ್ಬಂದಿ ಗಾಯಾಳುವನ್ನ ಸ್ಟ್ರೆಚರ್‌ಗೆ ಹಾಕ್ತಾ ಇದ್ರೆ? ಅದರ ಬಗ್ಗೆ ಆ ಕಲಂನಲ್ಲಿ ಒಂದಕ್ಷರವೂ ಇಲ್ಲ.

ಇದು ಸುಮ್ಮನೆ ಹುಟ್ಟಿಸಿಕೊಂಡ ಭಯ ಅಲ್ಲ. 2023ರ ಜುಲೈನಲ್ಲಿ ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆ ಮೇಲೆ ರಾತ್ರಿ ಒಂದು ಅಪಘಾತ ಆಯ್ತು. ಜನ ಸೇರಿದ್ರು, ಪೊಲೀಸರೂ ಬಂದಿದ್ರು. ಆ ಗುಂಪಿನ ಮೇಲೆ ವೇಗವಾಗಿ ಬಂದ ಇನ್ನೊಂದು ಕಾರು ನುಗ್ಗಿತು. ಸತ್ತವರು 9 ಜನ. ಅವರಲ್ಲಿ ಕೆಲಸದ ಮೇಲಿದ್ದ ಪೊಲೀಸರೊಬ್ಬರು, ಹೋಂ ಗಾರ್ಡ್ ಒಬ್ಬರೂ ಇದ್ದರು.

ಅಪಘಾತದಲ್ಲಿ ನೆರವಾದವರನ್ನ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಸಬಾರದು ಅನ್ನೋ 134ಎ ಕಲಂ ಕೂಡ ಅದೇ 2019ರದ್ದು. ಒಳ್ಳೇದೇ. ಆದ್ರೆ ಹಿಂದಿನಿಂದ ಬರೋ ಕಾರಿಂದ ಅವರನ್ನ ಕಾಪಾಡೋರು ಯಾರು?

ಅಮೆರಿಕದಲ್ಲಿ ಇದಕ್ಕೇ ಅಂತ ‘ಮೂವ್ ಓವರ್’ ಕಾನೂನಿದೆ. ರಸ್ತೆ ಬದಿ ದೀಪ ಮಿನುಗಿಸ್ತಾ ನಿಂತ ತುರ್ತು ವಾಹನ ಕಂಡ್ರೆ ಒಂದು ಲೇನ್ ಆಚೆ ಸರೀಬೇಕು, ಆಗದಿದ್ರೆ ವೇಗ ತಗ್ಗಿಸಬೇಕು. ಇದರ ಹಿಂದಿನ ಕತೆ ಕೇಳಿ. 1994ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಅಪಘಾತದ ಸ್ಥಳದಲ್ಲಿ ನೆರವು ಕೊಡ್ತಿದ್ದ ಜೇಮ್ಸ್ ಗಾರ್ಸಿಯಾ ಅನ್ನೋ ಪ್ಯಾರಾಮೆಡಿಕ್‌ಗೆ ವಾಹನ ಗುದ್ದಿತು. ತಪ್ಪು ಅವರದ್ದೇ ಅಂತ ಬರೆದ್ರು! ಅವರು ಬಿಡದೆ ಹೋರಾಡಿದ್ರು. 1996ರಲ್ಲಿ ಆ ರಾಜ್ಯ ಕಾನೂನು ತಂತು. 2012ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಬಂತು. ಫ್ಲೋರಿಡಾದಲ್ಲಿ 2024ರಿಂದ ಕೆಟ್ಟು ನಿಂತ ಮಾಮೂಲಿ ಕಾರಿಗೂ ಇದು ಅನ್ವಯ.

ನನಗೆ ಮುಖ್ಯ ಅನ್ನಿಸೋದು ದಂಡದ ಮೊತ್ತ ಅಲ್ಲ, ತಪ್ಪು ಯಾರದ್ದು ಅನ್ನೋದು. ನಮ್ಮಲ್ಲೂ ರಸ್ತೆ ಗುಡಿಸೋ ಪೌರಕಾರ್ಮಿಕರಿಗೋ ಗುಂಡಿ ಮುಚ್ಚೋ ಕೂಲಿಯವರಿಗೋ ಗಾಡಿ ಗುದ್ದಿದ್ರೆ ಮೊದಲು ಬರೋ ಪ್ರಶ್ನೆ, “ರಸ್ತೆ ಮಧ್ಯ ಯಾಕೆ ನಿಂತಿದ್ರು?” ಕೆಲಸವೇ ಅಲ್ಲಿದ್ರೆ ಇನ್ನೆಲ್ಲಿ ನಿಲ್ಲಬೇಕು ಸ್ವಾಮಿ?

“ನಮ್ಮೂರಲ್ಲಿ ಲೇನೇ ಇಲ್ಲ, ಲೇನ್ ಬದಲಿಸೋದೆಲ್ಲಿಂದ ಬಂತು” ಅಂತ ನಗಬಹುದು. ವೇಗ ತಗ್ಗಿಸೋಕೆ ಲೇನ್ ಬೇಕಿಲ್ಲವಲ್ಲ. 1989ರ ನಮ್ಮದೇ ರಸ್ತೆ ನಿಯಮಾವಳಿಯಲ್ಲಿ, ರಸ್ತೆ ರಿಪೇರಿ ಮಾಡೋರನ್ನ ದಾಟುವಾಗ ಗಂಟೆಗೆ 25 ಕಿ.ಮೀ. ಮೀರಬಾರದು ಅಂತಿತ್ತು. 2017ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂತು. ಹಳೇದು ಜಾರಿಯಲ್ಲಿದ್ದ ಅಷ್ಟೂ ವರ್ಷಗಳಲ್ಲಿ ಆ 25ರ ಮಾತು ಎಷ್ಟು ಜನ ಕೇಳಿದ್ದರು?

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳು ನೂರರಲ್ಲಿ ಹೋಗ್ತವೆ. ನೂರು ಅಂದ್ರೆ ಸೆಕೆಂಡಿಗೆ 28 ಮೀಟರ್. ಕಾಲು ಬ್ರೇಕಿನ ಮೇಲೆ ಹೋಗೋಷ್ಟರಲ್ಲಿ ಕಾರು ನಲವತ್ತು ಮೀಟರ್ ಮುಂದೆ ಹೋಗಿರುತ್ತೆ. ಅಲ್ಲಿ ಬಗ್ಗಿ ಕೆಲಸ ಮಾಡ್ತಿರೋರಿಗೆ ರಕ್ಷಣೆ ಅಂದ್ರೆ ಒಂದು ಕಿತ್ತಳೆ ಜಾಕೆಟ್ಟು, ನಾಲ್ಕು ಪ್ಲಾಸ್ಟಿಕ್ ಕೋನು. ಕೆಟ್ಟು ನಿಂತ ಲಾರಿಯವರಿಗೆ ಅದೂ ಇಲ್ಲ, ಕಲ್ಲು ಮತ್ತು ಸೊಪ್ಪಿನ ಕೊಂಬೆಯೇ ಗತಿ.

194ಇಗೆ ಒಂದು ಸಾಲು ಸೇರಿಸಲಿ: ಬರ್ತಿರೋ ವಾಹನಕ್ಕೆ ಮಾತ್ರ ಅಲ್ಲ, ನಿಂತು ಕೆಲಸ ಮಾಡ್ತಿರೋರಿಗೂ ದಾರಿ ಬಿಡಬೇಕು ಅಂತ. ಡಿಎಲ್ ಪರೀಕ್ಷೆಯಲ್ಲಿ ಅದನ್ನೇ ಒಂದು ಪ್ರಶ್ನೆಯಾಗಿ ಕೇಳಲಿ. ಅಲ್ಲೀವರೆಗೆ ಮಿನುಗೋ ದೀಪ ಕಂಡ ಕೂಡಲೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯೋಕೆ ಯಾವ ಕಾಯ್ದೆಯೂ ಬೇಕಿಲ್ಲ. ಏನಂತೀರಿ?