ಹಗಲು ಬೇಟೆಗೆ ಇರುಳಿನ ದುರ್ಬೀನು!

ಕತ್ತಲಲ್ಲಿ ಕಾಣಲೆಂದು ಮಾಡಿದ ಡಿಜಿಟಲ್ ದುರ್ಬೀನನ್ನು ರೈಫಲ್ಲಿಗೆ ಬಿಗಿದು ಹಾಡುಹಗಲೇ ಮೊಲ ಹೊಡೆಯುವುದು ಪರದೇಶದ ಧನಿಕರ ಹೊಸ ಶೋಕಿ. ಈ ಯಂತ್ರ ಹಗಲಲ್ಲಿ ಬಣ್ಣಬಣ್ಣವಾಗಿ ತೋರಿಸುತ್ತದೆ. ಕೊಂದದ್ದರ ಚಿತ್ರವನ್ನೂ ಹಿಡಿದಿಡುತ್ತದೆ. ಮೊಲವೋ ಇರುಳು ಮೇದು ಹಗಲು ಪೊದೆಯಲ್ಲಿ ಮಲಗುವ ಬಡಪ್ರಾಣಿ. ಮಲಗಿದ್ದನ್ನು ಹೊಡೆಯುವುದು ಯಾವ ಸೀಮೆಯ ಗಂಡಸುತನ?

ಆ ಶೋಕಿ ಇಲ್ಲಿ ಕಾಲಿಡುವ ಮುನ್ನವೇ ನಾವು ಎಚ್ಚರಿಸುತ್ತೇವೆ. ಮದವಂತೂ ಇಲ್ಲಿಯೂ ಇದೆ. 2025ರಲ್ಲಿ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಸತ್ತ ಮೊಲಗಳ ಮೆರವಣಿಗೆಯೇ ಹೊರಟು, ಶಾಸಕರೊಬ್ಬರ ಮನೆಯವರ ಮೇಲೆ ಮೊಕದ್ದಮೆ ದಾಖಲಾಯಿತು. 1972ರ ಕಾಯದೆಯಂತೆ ಮೊಲದ ಬೇಟೆ ಅಪರಾಧ. ಉರುಲು ಹಾಕಿದ ಬಡವನಿಗೊಂದು, ಬಂದೂಕಿನ ಧನಿಕನಿಗೊಂದು ನ್ಯಾಯ ಇರಕೂಡದು.

2016ರಲ್ಲಿ ಸರಕಾರ ಕಪ್ಪತಗುಡ್ಡದ ಸಂರಕ್ಷಣೆಯನ್ನು ಕಿತ್ತುಕೊಂಡಾಗ ಬೀದಿಗಿಳಿದವರು ಜನಸಾಮಾನ್ಯರು. 2017ರಲ್ಲಿ ಅದು ಮರಳಿತು. 2019ರಲ್ಲಿ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗಣಿ ಧಣಿಗಳಿಂದ ಉಳಿಸಿಕೊಂಡ ಗುಡ್ಡವನ್ನು ಬಂದೂಕಿನ ಧಣಿಗಳಿಗೆ ಬಿಟ್ಟುಕೊಡಬೇಕೇ?

ಬೆಳೆ ಕಾಯಲೆಂದು ಕೊಟ್ಟ ಬಂದೂಕುಗಳ ತಪಾಸಣೆಯಾಗಲಿ. ಕಾಡುಹಂದಿಯಿಂದ ಬೆಳೆ ಕಳೆದುಕೊಂಡ ರೈತನಿಗೆ ತಡವಿಲ್ಲದೆ ಪರಿಹಾರ ಸಿಗಲಿ. ಇದು ನಮ್ಮ ಬೇಡಿಕೆ. ಗಿರಣಿ ಕಾಮಗಾರರೇ, ವ್ಯಾಪಾರಸ್ಥರೇ, ಗುಡ್ಡ ಉಳಿಸಿದವರು ನೀವು. ಗುಡ್ಡದ ಮೊಲವನ್ನೂ ನೀವೇ ಉಳಿಸಬೇಕು.