ಬರಿಗಾಲ ಹಾದಿ ಹರಕೆಯಾಗದಿರಲಿ, ದಾಸೋಹವಾಗಲಿ

ಯುಗಾದಿ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಸಾವಿರಾರು ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಅವರಲ್ಲಿ ಬಹಳ ಜನ ಬರಿಗಾಲಿನವರು. ಕಾದ ಡಾಂಬರಿನ ಮೇಲೆ ದಿನಗಟ್ಟಲೆ ನಡೆದು, ಕೊನೆಗೆ ವೆಂಕಟಾಪುರದಿಂದ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳದ ಮೂಲಕ ನಲ್ಲಮಲ ಕಾಡಿನ ಕಲ್ಲುಹಾದಿ ಹತ್ತುತ್ತಾರೆ. ದಾರಿಯುದ್ದಕ್ಕೂ ಊರವರು ಅನ್ನ, ಮಜ್ಜಿಗೆ ನೀಡುತ್ತಾರೆ. ಬೊಬ್ಬೆಯೆದ್ದ ಪಾದ ತೊಳೆದು ಮುಲಾಮು ಹಚ್ಚುತ್ತಾರೆ. ಆ ಸೇವೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಟ್ಟ ಪಾದಕ್ಕೆ ಇಷ್ಟು ಮರುಗುವ ನಾವು, ಪಾದ ಸುಡದ ಹಾದಿಯ ಬಗ್ಗೆ ಯಾಕೆ ಯೋಚಿಸಿಲ್ಲ?

ಈಗ ಯೋಚಿಸುವ ಕಾಲ ಬಂದಿದೆ. ಗುಡ್ಡ, ತೋಪು, ಕುರುಚಲು ಕಾಡು ಇರುವ ಮಠಗಳು ನಮ್ಮಲ್ಲಿ ಬಹಳ ಇವೆ. ಅಲ್ಲಿ ಸಸಿ ನೆಡುವ ಕೆಲಸವೂ ನಡೆದಿದೆ. ಆ ನೆರಳಿನಲ್ಲಿ ಬರಿಗಾಲಲ್ಲಿ ನಡೆಯುವ ಒಂದು ಹಾದಿ ಇರಲಿ ಎಂಬ ಮಾತು ಸ್ವಾಗತಾರ್ಹ. ಆದರೆ ನಗರದ ಪಾರ್ಕುಗಳಲ್ಲಿ ಸಿಮೆಂಟಿನಲ್ಲಿ ಬೆಣಚುಕಲ್ಲು ಹುದುಗಿಸಿ ‘ಆಕ್ಯುಪ್ರೆಶರ್ ಪಥ’ ಎಂದು ಫಲಕ ಹಾಕಿದಂತೆ ಇದೂ ಆಗಬಾರದು. ಬಿಸಿಲಿಗೆ ಕಾಯುವ, ಕಾಲು ಒತ್ತಿ ನೋಯಿಸುವ ಆ ಪಟ್ಟಿಯ ಮೇಲೆ ಜನ ಒಂದು ಸಲ ನಡೆದು ಮತ್ತೆ ಹಾಯುವುದಿಲ್ಲ. ನೋವು ಹೆಚ್ಚಾದಷ್ಟೂ ಪುಣ್ಯ ಹೆಚ್ಚು ಎಂಬ ಎಣಿಕೆಯೂ ಇಲ್ಲಿ ಬೇಡ. ದೇಹವನ್ನು ದಂಡಿಸಿ ದೇವರನ್ನು ಒಲಿಸುವ ದಾರಿಯನ್ನು ಶರಣರು ಒಪ್ಪಲಿಲ್ಲ.

ಬರಿಗಾಲು ಎಂದಾಗ ಇನ್ನೊಂದು ಸಂಗತಿಯನ್ನು ನಾವು ಮರೆಯಕೂಡದು. ಈ ನಾಡಿನಲ್ಲಿ ಎಷ್ಟೋ ಜನರಿಗೆ ಬರಿಗಾಲು ಆಯ್ಕೆಯಾಗಿರಲಿಲ್ಲ. ಮೇಲ್ಜಾತಿಯವರ ಓಣಿಯಲ್ಲಿ ಮೆಟ್ಟು ಕೈಯಲ್ಲಿ ಹಿಡಿದು ನಡೆಯಬೇಕಾದ ಅವಮಾನವನ್ನು ಉಂಡವರು ಅವರು. ಸಮಗಾರ ಹರಳಯ್ಯನವರು ಮತ್ತು ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಹೊತ್ತ ಪರಂಪರೆ ನಮ್ಮದು. ಮೆಟ್ಟು ಮಾಡುವುದನ್ನೇ ಕಾಯಕವೆಂದು ಗೌರವಿಸಿದ ಧರ್ಮದಲ್ಲಿ ಮೆಟ್ಟು ಕಳಚುವುದು ಯಾರ ಮೇಲೂ ಕಡ್ಡಾಯವಾಗಬಾರದು. ಆದ್ದರಿಂದ ಬರಿಗಾಲ ಹಾದಿಯ ಪಕ್ಕದಲ್ಲೇ ಮೆಟ್ಟು ಹಾಕಿಕೊಂಡು ನಡೆಯುವ ಹಾದಿಯೂ ಇರಬೇಕು. ಇದು ಮೊದಲ ನಿಯಮ.

ಹೊರದೇಶಗಳಲ್ಲಿ ಇಂಥ ಹಾದಿಗಳು ಯಶಸ್ವಿಯಾಗಿವೆ. ಜರ್ಮನಿಯ ಬಾಡ್ ಸೋಬರ್ನ್‌ಹೈಮ್ ಊರಲ್ಲಿ ನಾಹೆ ನದಿಯ ದಂಡೆಗೆ 1992ರಲ್ಲಿ ಮಾಡಿದ ಬರಿಗಾಲ ಹಾದಿ 3.5 ಕಿಲೋಮೀಟರ್ ಉದ್ದವಿದೆ. ಹುಲ್ಲು, ಜೇಡಿಮಣ್ಣು, ಕಲ್ಲು, ಮರ, ಹೊಳೆಯ ನೀರು ಒಂದಾದ ಮೇಲೊಂದು ಪಾದಕ್ಕೆ ಸಿಗುತ್ತವೆ. ದಕ್ಷಿಣ ಕೊರಿಯಾದ ಡೇಜಾನ್ ನಗರದ ಗ್ಯೆಜೋಕ್ಸಾನ್ ಬೆಟ್ಟದಲ್ಲಿ 2006ರಿಂದ 14.5 ಕಿಲೋಮೀಟರ್ ಕಾಡುದಾರಿಗೆ ಕೆಮ್ಮಣ್ಣು ಹಾಸುತ್ತಿದ್ದಾರೆ. ಮಳೆಗೆ ಕೊಚ್ಚಿಹೋದ ಮಣ್ಣನ್ನು ಮತ್ತೆ ತಂದು ಹರಡುತ್ತಾರೆ. ಹಾದಿ ಒಮ್ಮೆ ಕಟ್ಟಿ ಉದ್ಘಾಟಿಸಿ ಮರೆಯುವ ವಸ್ತುವಲ್ಲ ಎಂಬುದು ಅಲ್ಲಿಂದ ಕಲಿಯಬೇಕಾದ ಪಾಠ.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಮೀಸಲು ಅರಣ್ಯ, ಅಭಯಾರಣ್ಯಗಳ ಆಸೆ ಬಿಡೋಣ. 1972ರ ವನ್ಯಜೀವಿ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇರುವುದು ಸುಮ್ಮನೆ ಅಲ್ಲ. ಮಠದ್ದೇ ಜಮೀನು, ಅದರಲ್ಲಿ ಜನ ನಡೆದು ಸವೆದ ಕಾಲುದಾರಿ ಇದ್ದರೆ ಅದೇ ಉತ್ತಮ. ಬಯಲುಶೌಚ ನಡೆಯುವ ಜಾಗ ಖಂಡಿತ ಬೇಡ, ಯಾಕೆಂದರೆ ಕೊಕ್ಕೆಹುಳುವಿನ ಮರಿಗಳು ಅಂಥ ಮಣ್ಣಿನಿಂದ ಪಾದದ ಚರ್ಮ ಹೊಕ್ಕು ಮೈ ಸೇರುತ್ತವೆ. ಮಲೆನಾಡಿನ ಮಠಗಳು ಮಂಗನ ಕಾಯಿಲೆಯನ್ನು ನೆನಪಿಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಆ ರೋಗ ಹರಡುವುದು ಉಣುಗಿನಿಂದ. ಅದರ ಭಯವಿರುವ ಕಡೆ ಕಾಡೊಳಗೆ ಬರಿಗಾಲ ಹಾದಿಯೇ ಬೇಡ.

ಮಣ್ಣನ್ನೂ ನೋಡಬೇಕು. ಎರೆಮಣ್ಣು ಮಳೆಗೆ ಕಾಲಿಗೆ ಮೆತ್ತುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಮೊರಮಿನ ಹರಳು ಚುಚ್ಚುತ್ತದೆ. ಮರಳು ಬೆರೆತ ಕೆಂಪುಮಣ್ಣು ಪಾದಕ್ಕೆ ಹಿತ. ಬಳ್ಳಾರಿ ಜಾಲಿ, ಬಾರಿಗಿಡ ಇರುವ ಕಡೆ ಬುಡಸಮೇತ ತೆಗೆದು ಒಂದು ಮಳೆಗಾಲ ಕಾದು ನೋಡಬೇಕು, ಜಾಲಿ ಮತ್ತೆ ಚಿಗುರುತ್ತದೆ. ಹೊಂಗೆ, ಬೇವು, ಹುಣಸೆ, ಹಿಪ್ಪೆಯ ನೆರಳಿದ್ದರೆ ಮಧ್ಯಾಹ್ನಕ್ಕೂ ನೆಲ ತಂಪಾಗಿರುತ್ತದೆ.

ಹಾದಿಯನ್ನು ಗುಡ್ಡಕ್ಕೆ ನೇರ ಏರಿಸಬಾರದು. ನೇರ ಹಾದಿ ಮೊದಲ ಮಳೆಗೇ ಹಳ್ಳವಾಗಿ ಮಣ್ಣು ಹೋಗಿ ಕಲ್ಲು ಮೇಲೇಳುತ್ತದೆ. ಗುಡ್ಡದ ಮಗ್ಗುಲಿಗೆ ಸುತ್ತಿ ಸುತ್ತಿ ಹೋಗಲಿ, 100 ಅಡಿ ನಡೆದರೆ ಏರು 8-10 ಅಡಿ ದಾಟದಿರಲಿ. ಹೊರಬದಿ ತುಸು ತಗ್ಗಾಗಿದ್ದರೆ ನೀರು ಹಾದಿಯಲ್ಲಿ ಹರಿಯದೆ ಅಡ್ಡ ದಾಟಿ ಹೋಗುತ್ತದೆ. ಮೊದಲಿಗೆ 200-300 ಮೀಟರಿನ ಒಂದು ಸುತ್ತು ಸಾಕು. ಅದು ರೂಢಿಯಾದವರಿಗೆ ಒಂದು ಕಿಲೋಮೀಟರಿನ ಸುತ್ತು. ನಡುನಡುವೆ ಹೊರಬರಲು ದಾರಿ, ಕೂರಲು ಕಟ್ಟೆ, ಶುರುವಿನಲ್ಲಿ ಮೆಟ್ಟು ಇಡುವ ಗೂಡು, ಕೊನೆಯಲ್ಲಿ ಕಾಲು ತೊಳೆಯುವ ನಳ ಬೇಕು. ಹಗಲಲ್ಲಿ ಮಾತ್ರ ತೆರೆದಿರಲಿ, ಹಾವು-ಚೇಳು ಕತ್ತಲಲ್ಲಿ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮೆಟ್ಟು ಕಳಚಬಾರದೆಂದು ಫಲಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಮುಳ್ಳು ನೆಟ್ಟದ್ದೇ ಗೊತ್ತಾಗದವರಿಗೆ ಸಣ್ಣ ಗಾಯವೂ ಕಾಲು ಕಳೆಯುವಷ್ಟು ಬೆಳೆಯಬಲ್ಲದು.

ಇಷ್ಟೆಲ್ಲ ಮಾಡಿದ ಮೇಲೂ ಹಾದಿ ಉಳಿಯುವುದು ಪೊರಕೆಯಿಂದ. ಉದುರಿದ ಎಲೆ, ಗಾಜಿನ ಚೂರು, ಮುಳ್ಳು ಇವುಗಳನ್ನು ದಿನಾ ಬೆಳಗ್ಗೆ ಗುಡಿಸಬೇಕು. ಗುಡಿಸುವವರು ಯಾರು? ಇದನ್ನು ಒಂದು ಕೇರಿಯ ಜನರ ಪಾಲಿಗೆ ಬಿಟ್ಟು ಉಳಿದವರು ನಡೆಯುವ ಸುಖ ಉಂಡರೆ, ಹಾದಿ ಎಷ್ಟು ಚೆಂದವಿದ್ದರೂ ಅದು ಶರಣರ ಹಾದಿಯಲ್ಲ. ಪೂಜ್ಯರು, ಸಾಧಕರು, ವಸತಿನಿಲಯದ ಮಕ್ಕಳು, ಊರ ಭಕ್ತರು ಸರದಿ ಹಾಕಿಕೊಳ್ಳಲಿ. ನಡೆಯುವ ಪ್ರತಿಯೊಬ್ಬರೂ ತಿಂಗಳಿಗೊಂದು ಬೆಳಗು ಪೊರಕೆ ಹಿಡಿಯಲಿ.

ಬರುವ ಮಳೆಗಾಲಕ್ಕೆ ಮುಂಚೆ ತಮ್ಮ ಗುಡ್ಡದಲ್ಲಿ ಒಮ್ಮೆ ಓಡಾಡಿ ಮಣ್ಣು, ನೆರಳು, ನೀರಿನ ಹರಿವು ಗುರುತು ಮಾಡಿಕೊಳ್ಳಿ ಎಂದು ಮಠಗಳ ಪೂಜ್ಯರಲ್ಲಿ, ಬಸವಭಕ್ತರಲ್ಲಿ ವಿನಂತಿ. ಹಸಿದವರಿಗೆ ಅನ್ನವಿಟ್ಟ ಅಂಗಳಗಳು ದಣಿದ ಪಾದಕ್ಕೆ ಒಂದಿಷ್ಟು ತಂಪು ಮಣ್ಣನ್ನೂ ಇಡಬಲ್ಲವು.