ರಿಮೋಟು ಯಾರ ಕೈಯಲ್ಲಿರಬೇಕು?

ನಾನಿರುವುದು ಪುಣೆಯಲ್ಲಿ, ಅಪ್ಪ-ಅವ್ವ ಇರುವುದು ಧಾರವಾಡದಲ್ಲಿ. ನಡುವೆ ಒಂದು ರಾತ್ರಿಯ ಬಸ್ಸು. ಈ ದೂರವನ್ನು ಸಾಮಾನು ಕೊಂಡು ತುಂಬಬಹುದು ಅಂತ ನಮ್ಮಂಥವರಿಗೆ ಒಂದು ಭ್ರಮೆ. ಮೊದಲು ಮಿಕ್ಸರ್ ಒಯ್ಯುತ್ತಿದ್ದೆವು, ಆಮೇಲೆ ಇನ್ವರ್ಟರ್. ಈಗ ವೈಫೈ ಬಲ್ಬು, ಸ್ಮಾರ್ಟ್ ಸ್ವಿಚ್ಚು.

ನಾನೂ ಒಂದು ದೀಪಾವಳಿಗೆ ಒಯ್ದೆ. ಪಡಸಾಲೆ, ಅಡಿಗೆಮನೆ, ಅಂಗಳಕ್ಕೆಲ್ಲ ಹೊಸ ಬಲ್ಬು. ಇಂಥ ಬಲ್ಬಿಗೆ ಸದಾ ಕರೆಂಟು ಬೇಕು; ಗೋಡೆಯ ಸ್ವಿಚ್ಚು ಆರಿಸಿದರೆ ಅದರ ರೇಡಿಯೋ ಸತ್ತುಹೋಗುತ್ತದೆ. ಅದಕ್ಕೇ ಸ್ವಿಚ್ಚುಗಳ ಮೇಲೆ ಟೇಪು ಹಚ್ಚಿ ‘ಮುಟ್ಟಬೇಡಿ’ ಎಂದು ಬರೆದು ಬಂದೆ. ನಿಯಂತ್ರಣವೆಲ್ಲ ನನ್ನ ಮೊಬೈಲಿನಲ್ಲಿ. ಒಂದು ರಾತ್ರಿ ಪುಣೆಯಲ್ಲಿ ಕೂತು, ಮರೆತು ಮಲಗಿದ್ದಾರೆಂದುಕೊಂಡು ಪಡಸಾಲೆಯ ದೀಪ ಆರಿಸಿದೆ. ಅವ್ವನ ಫೋನು ಬಂತು: “ತಮ್ಮಾ, ಲೈಟ್ ಸ್ವಲ್ಪ ಹಚ್ತೀಯೇನಪಾ? ನಿಮ್ಮಪ್ಪ ಇನ್ನೂ ಪೇಪರ್ ಓದಾಕತ್ತಾರ.”

ಸಿಟ್ಟಿಲ್ಲ, ಆಕ್ಷೇಪಣೆಯಿಲ್ಲ. ತಾನು ನಲವತ್ತು ವರ್ಷ ಬಾಳಿದ ಮನೆಯಲ್ಲಿ ದೀಪ ಹಚ್ಚಲು ಮಗನ ಅಪ್ಪಣೆ ಕೇಳುತ್ತಿದ್ದಳು. ನನಗೆ ಮೈಯೆಲ್ಲ ಜುಮ್ಮೆಂದಿತು.

ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಮೊಣಕಾಲು ನೋವಿನವರಿಗೆ ಹಾಸಿಗೆಯಲ್ಲೇ ಕೂತು ಅಂಗಳದ ದೀಪ ಹಚ್ಚುವುದು ಸಣ್ಣ ಸುಖವಲ್ಲ. ಪರಊರಲ್ಲಿರುವ ಮಕ್ಕಳ ಕಾಳಜಿಯೂ ಸುಳ್ಳಲ್ಲ. ಆದರೆ ಕಾಳಜಿ ಬೇರೆ, ಕಾರುಬಾರು ಬೇರೆ. ರಿಮೋಟು ಮನೆಯಲ್ಲಿರುವವರ ಕೈಯಲ್ಲಿರಬೇಕು, ಊರು ಬಿಟ್ಟವರ ಕಿಸೆಯಲ್ಲಲ್ಲ.

ಕಂಪನಿಯ ಕಿಸೆಯಲ್ಲಂತೂ ಅಲ್ಲವೇ ಅಲ್ಲ. ನಾನು ಪುಣೆಯಲ್ಲಿ ಒತ್ತಿದ ಗುಂಡಿಯ ಆಜ್ಞೆ ಎಲ್ಲೋ ಇರುವ ಸರ್ವರಿಗೆ ಹೋಗಿ ಧಾರವಾಡಕ್ಕೆ ಬರುತ್ತದೆ. ಆ ಸರ್ವರು ನಿಂತರೆ? ಅಮೆರಿಕದಲ್ಲಿ ರಿವಾಲ್ವ್ ಎಂಬ ಹಬ್ಬಿನ ಸೇವೆಯನ್ನು 2016ರ ಮೇ ತಿಂಗಳಲ್ಲಿ ಮುಚ್ಚಿದರು. ದುಡ್ಡು ಕೊಟ್ಟು ಕೊಂಡ ಡಬ್ಬಿ ನಿರುಪಯೋಗಿಯಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್‌ನ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತವು. ಕೊನೆಗೆ ಬಳಕೆದಾರರೇ ಕೆಲವರು ಸೇರಿ ಅದನ್ನು ಕೊಂಡು ಮತ್ತೆ ನಡೆಸಬೇಕಾಯಿತು.

ಬೇರೆ ದಾರಿ ಇದೆ. ಜಿಗ್ಬಿ ಎಂಬ ರೇಡಿಯೋ ಪದ್ಧತಿ ಇಂಟರ್ನೆಟ್ ಇಲ್ಲದೆಯೂ ಮನೆಯೊಳಗೇ ಮಾತಾಡಿಕೊಳ್ಳುತ್ತದೆ. ಟೀವಿ ರಿಮೋಟಿನ ಇನ್‌ಫ್ರಾರೆಡ್ ಕಿರಣ ಗೋಡೆ ದಾಟುವುದಿಲ್ಲ, ಇದು ದಾಟುತ್ತದೆ. ನಮ್ಮ ಹಳೆಯ ದಪ್ಪ ಗೋಡೆಗಳಿಗೆ ಶಕ್ತಿ ಸಾಲದಿದ್ದರೆ ನಡುವಿನ ಕೋಣೆಯ ಸ್ವಿಚ್ಚು ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಸದಾ ಕರೆಂಟಿನಲ್ಲಿರುವ ಉಪಕರಣಗಳಷ್ಟೇ ಹೀಗೆ ದಾಟಿಸುತ್ತವೆ, ಸೆಲ್ಲಿನವು ದಾಟಿಸುವುದಿಲ್ಲ. ಬಲ್ಬು ಬದಲಿಸದೆ ಹಳೆಯ ಸ್ವಿಚ್ಚಿನ ಹಿಂದೆ ಪುಟ್ಟ ರಿಲೇ ಕೂಡಿಸಿದರೆ ಗೋಡೆಯ ಸ್ವಿಚ್ಚೂ ನಡೆಯುತ್ತದೆ, ರಿಮೋಟೂ ನಡೆಯುತ್ತದೆ.

ಆದ್ದರಿಂದ ಊರಲ್ಲಿರುವ ಹಿರಿಯರೇ, ಮುಂದಿನ ಹಬ್ಬಕ್ಕೆ ನಿಮ್ಮ ಮಗನೋ ಮಗಳೋ ಇಂಥ ಡಬ್ಬಿ ತಂದರೆ ಸಂಕೋಚ ಬಿಟ್ಟು ಕೇಳ್ರಿ. ಇಂಟರ್ನೆಟ್ ಹೋದರೆ ದೀಪ ಹತ್ತುತ್ತದೇನು? ಗೋಡೆಯ ಸ್ವಿಚ್ಚು ಮೊದಲಿನಂತೆ ನಡೆಯುತ್ತದೇನು? ಹಬ್ಬಿಗೆ ಇನ್ವರ್ಟರ್ ಲೈನು ಕೊಟ್ಟಿದ್ದೀಯೇನು? ಎಲೆಕ್ಟ್ರಿಷಿಯನ್‌ಗೂ ಒಂದು ಮಾತು ಕೇಳ್ರಿ: ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯೇ? ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಸ್ವಿಚ್ಚಿಗೆ ಬರುವುದು ಫೇಸ್ ಮಾತ್ರ. ಬಹಳಷ್ಟು ರಿಲೇಗಳಿಗೆ ಎರಡೂ ಬೇಕು. ಗೀಸರನ್ನು ದೀಪದ ರಿಲೇಗೆ ಜೋಡಿಸಲು ಬಿಡಬೇಡಿ. ಎರಡು ಸಾವಿರ ವಾಟಿನ ಗೀಸರು ಒಂಬತ್ತು ಆಂಪಿಯರ್‌ನಷ್ಟು ಎಳೆಯುತ್ತದೆ, ಸಣ್ಣ ರಿಲೇ ಸುಟ್ಟೀತು.

ಸಮಾಧಾನದ ಉತ್ತರ ಸಿಗದಿದ್ದರೆ ಡಬ್ಬಿ ವಾಪಸ್ ಕಳಿಸಿರಿ. ಮಕ್ಕಳಿಗೆ ಬೇಜಾರಾದರೆ ಆಗಲಿ.

ನಾನು ಮುಂದಿನ ರಜೆಗೆ ಹೋದಾಗ ಟೇಪು ಕಿತ್ತೆ, ರಿಲೇ ಹಾಕಿಸಿದೆ. ರಿಮೋಟು ಈಗ ಕ್ಯಾಲೆಂಡರಿನ ಪಕ್ಕದ ಮೊಳೆಗೆ ತೂಗುಬಿದ್ದಿದೆ. ನನ್ನ ಮೊಬೈಲಿನಲ್ಲಿ ಧಾರವಾಡದ ದೀಪಗಳಿಲ್ಲ. ರಾತ್ರಿ ಅವರು ಎಚ್ಚರವಿದ್ದಾರೋ ಮಲಗಿದ್ದಾರೋ ತಿಳಿಯಬೇಕೆಂದರೆ ಫೋನು ಮಾಡುತ್ತೇನೆ.